ಇಲಿಗೆ ಬೋನಾ, ಅಂಟಾ?

ಗಂಗಾವತಿ ಕಡೆ ಮನೆಯಲ್ಲಿ ಸೋನಾ ಮಸೂರಿ ಚೀಲ ಇದ್ದೇ ಇರುತ್ತದೆ, ಹಿಂದೆಯೇ ಇಲಿಯೂ ಬರುತ್ತದೆ. ಅಂಟಿನ ಹಲಗೆ ಅಗ್ಗ, ಆದರೆ ಸಿಕ್ಕ ಇಲಿ ರಾತ್ರಿಯಿಡೀ ಕಿರುಚುತ್ತದೆ. ನಮ್ಮನೆಯಲ್ಲಿ ಒಮ್ಮೆ ಅದು ಹಲಗೆ ಸಮೇತ ಕಪಾಟಿನ ಹಿಂದೆ ಹೋಗಿ ಕೂತಿತ್ತು, ಬಿಡಿಸೋಕೆ ಅಡುಗೆ ಎಣ್ಣೆ ಸುರಿಯಬೇಕಾಯ್ತು. ಅದಕ್ಕಿಂತ ತಂತಿ ಬೋನು ವಾಸಿ. ಕೊಕ್ಕೆಗೆ ಮಿರ್ಚಿ ಬಜ್ಜಿ ಚೂರು ಸಿಕ್ಕಿಸಿದರೆ ಸಾಕು. ಆದರೆ ಹಿಡಿದ ಮೇಲೆ ಎಲ್ಲಿ ಬಿಡೋದು? ಪಕ್ಕದ ಓಣಿಗೆ ಬಿಟ್ಟರೆ ವಾಪಸ್ ಬರಬಹುದು, ಇಲ್ಲಾಂದ್ರೆ ಆ ಓಣಿಯವರ ಜೊತೆ ಜಗಳ ಗ್ಯಾರಂಟಿ. ಬ್ರೊಮಾಡಿಯೊಲೋನ್ ವಿಷ ನನಗಂತೂ ಬೇಡ. ತಿಂದ ಇಲಿ ಸಾಯೋಕೆ ಕೆಲವು ದಿನ ಬೇಕು, ಎಲ್ಲೋ ಅಟ್ಟದ ಮೇಲೆ ಸತ್ತರೆ ನಾತ ಹೊಡೆದಾಗಲೇ ಗೊತ್ತಾಗೋದು. ಯಾವುದಾದರೂ ಸರಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಬೋನನ್ನೂ ಬ್ಲೀಚಿಂಗ್ ನೀರಲ್ಲಿ ತೊಳೆದೇ ಒಳಗಿಡಿ.