12×12 ಕೋಣೆಯ ಗುಂಯ್‌ಗುಡುವ ಬೇಸ್: ರಾಕ್‌ವೂಲ್ ಪ್ಯಾನೆಲ್ ಹಾಕಿ ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕೋಣೆಯಲ್ಲಿ ಗುಂಯ್‌ಗುಡುವ ಬೇಸ್ (ಹಾಡಿನ ತಗ್ಗು ಸ್ವರಗಳು) ಹೀರಲು ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಪ್ಯಾನೆಲ್ ಒಳ್ಳೆಯದೇ, ಆದರೆ ನನಗೆ ಅದಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಒಂದು ಹಳೇ ಬೆತ್ತದ ಕುರ್ಚಿ.

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ, ಮಹಡಿ ಮೇಲೆ. ಕೋಣೆ 12 ಅಡಿ ಉದ್ದ, 12 ಅಡಿ ಅಗಲ. "ಒಂದಿಂಚು ಆಚೀಚೆ ಇಲ್ಲ ನೋಡಿ ಸರ್" ಅಂತ ಓನರ್ ಹೆಮ್ಮೆಯಿಂದ ತೋರಿಸಿದ್ದರು. ಸ್ಪೀಕರ್ ಇಡುವವನಿಗೆ ಇದಕ್ಕಿಂತ ಕೆಟ್ಟ ಅಳತೆ ಇಲ್ಲ ಅಂತ ಪಾಪ ಅವರಿಗೇನು ಗೊತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಇದೇ ಸ್ಪೀಕರ್ ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಅಲ್ಲಿ ಹಂಚಿನ ಸಂದಿಯಲ್ಲಿ ಬೇಸ್ ಹೊರಗೆ ಹೋಗಿಬಿಡುತ್ತದೆ. ಇಲ್ಲಿ ನಾಲ್ಕೂ ಕಡೆ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ. ಬೇಸ್ ಗಿಟಾರಿನ ಕೆಳಗಿನ ಕೆಲವು ಸ್ವರ ಬಂದರೆ ಶೋಕೇಸಿನ ಸ್ಟೀಲ್ ಲೋಟ ಗಲಗಲ ಅನ್ನುತ್ತಿತ್ತು. ಅಡುಗೆಮನೆಯಿಂದ ಅಮ್ಮ, "ಗ್ರೈಂಡರ್ ಯಾರು ಹಾಕಿದ್ದು?"

ಎದುರುಬದುರು ಗೋಡೆಗಳ ನಡುವೆ ಯಾವ ಸ್ವರ ಗುಂಯ್‌ಗುಡುತ್ತದೆ ಅನ್ನುವ ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. ನನಗೆ ಬಂದಿದ್ದು 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ. ಉದ್ದ ಅಗಲ ಒಂದೇ ಆದ್ದರಿಂದ ಎರಡೂ ಜೋಡಿ ಗೋಡೆಗಳ ಗುಂಯ್ ಅಲ್ಲೇ ಬಂದು ಕೂರುತ್ತದೆ. ಫೋನಿನಿಂದ ಸ್ಪೀಕರಿಗೆ 47 ಹರ್ಟ್ಸ್ ಟೋನ್ ಹಾಕಿ ಕೋಣೆಯೊಳಗೆ ಓಡಾಡಿ ನೋಡಿ. ಗೋಡೆಗೆ ಬೆನ್ನು ಕೊಟ್ಟರೆ ಎದೆ ನಡುಗುತ್ತದೆ, ನಟ್ಟನಡುವೆ ನಿಂತರೆ ಕರೆಂಟ್ ಹೋಯ್ತೇನೋ ಅನ್ನಿಸುತ್ತದೆ. ನಾನು ಕೂರುತ್ತಿದ್ದ ಮಂಚ ಎಲ್ಲಿತ್ತು ಹೇಳಿ? ಹಿಂದಿನ ಗೋಡೆಗೇ ಅಂಟಿಕೊಂಡಿತ್ತು.

ಇದೆಲ್ಲ ತಿಳಿಯುವ ಮೊದಲು ಆನ್‌ಲೈನಲ್ಲಿ ಒಂದಿಂಚಿನ ಫೋಮ್ ತರಿಸಿ 1,400 ರೂಪಾಯಿ ಕಳೆದುಕೊಂಡೆ. 47 ಹರ್ಟ್ಸಿನ ಅಲೆಯ ಉದ್ದ 7 ಮೀಟರಿಗಿಂತ ಜಾಸ್ತಿ, ಒಂದಿಂಚು ಅದಕ್ಕೆ ಯಾವ ಲೆಕ್ಕ? ಚಪ್ಪಾಳೆಯ ಪ್ರತಿಧ್ವನಿ ಸತ್ತಿತು, ಗುಂಯ್ ಹಾಗೇ ಉಳಿಯಿತು.

ಆಮೇಲೆ ರಾಕ್‌ವೂಲ್. ಎರಡಿಂಚಿನ ಹಲಗೆ ಎರಡೆರಡು ಸೇರಿಸಿ, ಬಡಗಿಯವರ ಹತ್ತಿರ ಮರದ ಚೌಕಟ್ಟು ಮಾಡಿಸಿ, ಗಾಂಧಿಬಜಾರಿನಿಂದ ಗಾಳಿಯಾಡುವ ಬಟ್ಟೆ ತಂದು ಸುತ್ತಿದೆ. ನಾಲ್ಕು ಪ್ಯಾನೆಲ್ಲಿಗೆ ಆರೂವರೆ ಸಾವಿರ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಸುಮ್ನೆ ಹೇಳ್ತಿಲ್ಲ, ಎರಡು ದಿನ ಮೈ ತುರಿಸಿತು. ಮೂಲೆಗಳಲ್ಲಿ ನಿಲ್ಲಿಸಿದ ಮೇಲೆ 100 ಹರ್ಟ್ಸಿನಿಂದ ಮೇಲಿನದ್ದೆಲ್ಲ ಬಿಗಿಯಾಯಿತು, ತಬಲಾದ ಡಗ್ಗ ಹೊಡೆದ ಕೂಡಲೇ ನಿಲ್ಲುತ್ತದೆ. 47ರ ಗುಂಯ್ ಮಾತ್ರ ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಅದನ್ನು ತಗ್ಗಿಸಿದ್ದು ಕುರ್ಚಿ. ಮಂಚ ಬಿಟ್ಟು, ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕುರ್ಚಿ ಹಾಕಿದೆ. ಖರ್ಚು ಸೊನ್ನೆ. ಆಮೇಲೆ ಸ್ನೇಹಿತನ ಅಳತೆ ಮೈಕ್ ಎರಡು ದಿನಕ್ಕೆ ಈಸ್ಕೊಂಡು ಬಂದು, ಆರ್‌ಇಡಬ್ಲ್ಯೂ ಅನ್ನುವ ಕೋಣೆಯ ಸದ್ದು ಅಳೆಯುವ ತಂತ್ರಾಂಶದಲ್ಲಿ ಅಳೆದು, ಉಳಿದ ಉಬ್ಬನ್ನು (ಬೇರೆ ಸ್ವರಗಳಿಗಿಂತ ಜೋರಾಗಿ ಕೇಳುವ ಸ್ವರವನ್ನು) ಕಂಪ್ಯೂಟರಿನಲ್ಲಿ ಬೇರೆಬೇರೆ ಸ್ವರಗಳ ಜೋರು ಹೊಂದಿಸುವ ಈಕ್ವಲೈಝರ್ ಎಪಿಒದಲ್ಲಿ 5 ಡೆಸಿಬೆಲ್ ಇಳಿಸಿದೆ. ಎರಡೂ ಉಚಿತ. ಉಬ್ಬು ಇಳಿಸಿ, ಆದರೆ ಹಳ್ಳ (ಸ್ವರ ಕೇಳದೇ ಹೋಗುವ ಕಡೆ) ತುಂಬಲು ಹೋಗಬೇಡಿ. ಆಂಪ್ಲಿಫೈಯರ್ ಸುಸ್ತಾಗುತ್ತದೆ, ಹಳ್ಳ ತುಂಬುವುದಿಲ್ಲ.

ಇನ್ನು ಮಳೆಗಾಲದ ಕಥೆ. ಮೊದಲ ಆಷಾಢದಲ್ಲೇ ಹೊರಗೋಡೆಗೆ ತಾಗಿಸಿಟ್ಟ ಪ್ಯಾನೆಲ್ಲಿನ ಹಿಂಬದಿ ಬಟ್ಟೆಗೆ ಕಪ್ಪು ಬೂಷ್ಟು. ಒಳಗಿನ ರಾಕ್‌ವೂಲ್‌ಗೆ ಏನೂ ಆಗಿರಲಿಲ್ಲ, ಬಟ್ಟೆಯನ್ನಷ್ಟೇ ಬದಲಿಸಿದೆ. ಈಗ ನಾಲ್ಕಿಂಚು ಜಾಗ ಬಿಟ್ಟು ನಿಲ್ಲಿಸಿದ್ದೇನೆ. ಗಾಳಿ ಆಡುತ್ತದೆ, ಹಿಂದೆ ಜಾಗ ಇದ್ದರೆ ಬೇಸನ್ನೂ ಇನ್ನಷ್ಟು ಹೀರುತ್ತದೆ. ಎರಡನೇ ಮಳೆಗಾಲ ಬೂಷ್ಟಿಲ್ಲದೆ ಕಳೆಯಿತು.

ಒಂದು ಎಚ್ಚರಿಕೆ: ಇದು ಶಬ್ದ ಹೊರಗೆ ಹೋಗದಂತೆ ತಡೆಯುವುದಿಲ್ಲ. ಕೆಳಗಿನ ಮನೆಯ ಓನರ್ ರಾತ್ರಿ ಒಂಬತ್ತೂವರೆಗೆ ಈಗಲೂ ಫೋನ್ ಮಾಡುತ್ತಾರೆ.