ಬರ್ನ್ ಸಂಸತ್ ಭವನದ ಉಚಿತ ಸುತ್ತು: ಒಂದು ಗಂಟೆಯಲ್ಲಿ ಸಿಗುವುದು, ಸಿಗದಿರುವುದು

ಇಂಟರ್‌ಲಾಕೆನ್ ಕಡೆ ಹೊರಟ ನಮ್ಮವರಲ್ಲಿ ಬಹಳಷ್ಟು ಮಂದಿ ಬರ್ನ್‌ನಲ್ಲಿ ರೈಲು ಬದಲಿಸಿ ಮುಂದೆ ಸಾಗಿಬಿಡುತ್ತಾರೆ. ಅರ್ಧ ದಿನ ಅಲ್ಲೇ ಇಳಿದರೆ, ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸ್ವಿಟ್ಜರ್ಲೆಂಡಿನ ಸಂಸತ್ ಭವನ. ಮಾರ್ಗದರ್ಶಕರ ಜೊತೆ ಸುಮಾರು ಒಂದು ಗಂಟೆಯ ಸುತ್ತು, ಶುಲ್ಕವಿಲ್ಲ. ಖಂಡಿತ ನೋಡಬೇಕಾದದ್ದು. ಆದರೆ ಅದರ ಮಿತಿ ತಿಳಿದು ಹೋಗಬೇಕು.

ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್ ಕೈಯಲ್ಲಿರಲಿ, ವಿಮಾನ ನಿಲ್ದಾಣದಲ್ಲಿರುವಂಥದೇ ತಪಾಸಣೆ ಇದೆ. ಎಲ್ಲರೂ ಎಡವುವುದು ದಿನಾಂಕದಲ್ಲಿ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಆಸುಪಾಸಿನಲ್ಲಿ ತಲಾ ಮೂರು ವಾರ ಅಧಿವೇಶನ ನಡೆಯುತ್ತದೆ. ಆ ವಾರಗಳಲ್ಲಿ ಸುತ್ತಿನ ಬದಲು ಪ್ರೇಕ್ಷಕರ ಗ್ಯಾಲರಿ.

1902ರಲ್ಲಿ ಉದ್ಘಾಟನೆಯಾದ ಕಟ್ಟಡದ ಗುಮ್ಮಟದೊಳಗೆ ತಲೆಯೆತ್ತಿ ನೋಡಿ. ಗಾಜಿನ ಮೇಲೆ ಅಂದಿನ 22 ಕ್ಯಾಂಟನ್‌ಗಳ, ಅಂದರೆ ನಮ್ಮ ರಾಜ್ಯಗಳಂಥ ಘಟಕಗಳ, ಲಾಂಛನಗಳಿವೆ. 1979ರಲ್ಲಿ ಹುಟ್ಟಿದ ಜುರಾ ಕ್ಯಾಂಟನ್‌ನ ಲಾಂಛನ ಆ ವೃತ್ತದ ಹೊರಗಿದೆ.

ಸುತ್ತಿನ ಸಾರವೆಲ್ಲ ಎರಡು ಸಭಾಂಗಣಗಳಲ್ಲಿದೆ. ಕೆಳಮನೆ, ಅಂದರೆ ರಾಷ್ಟ್ರೀಯ ಪರಿಷತ್ತಿನಲ್ಲಿ 200 ಸ್ಥಾನ, ಹಂಚಿಕೆ ಜನಸಂಖ್ಯೆಯ ಪ್ರಕಾರ: 2023ರ ಚುನಾವಣೆಯಲ್ಲಿ ಜ್ಯೂರಿಕ್ ಕ್ಯಾಂಟನ್‌ಗೆ 36, ಊರಿ (Uri) ಎಂಬ ಪುಟ್ಟ ಕ್ಯಾಂಟನ್‌ಗೆ ಒಂದೇ. ಮೇಲ್ಮನೆ ಕ್ಯಾಂಟನ್‌ಗಳ ಪರಿಷತ್ತು, 46 ಸ್ಥಾನ. ಅಲ್ಲಿ ಜ್ಯೂರಿಕ್‌ಗೂ ಊರಿ ಕ್ಯಾಂಟನ್‌ಗೂ ಎರಡೆರಡು. ಆರು ಕ್ಯಾಂಟನ್‌ಗಳಿಗೆ ಮಾತ್ರ ಒಂದೊಂದು. ಕೆಳಮನೆಯಲ್ಲಿ ಸದಸ್ಯರು ವೇದಿಕೆಗೆ ಬಂದು ಮಾತಾಡುತ್ತಾರೆ, ಭಾಷಾಂತರ ಜೊತೆಜೊತೆಗೇ ನಡೆಯುತ್ತದೆ. ಮೇಲ್ಮನೆಯಲ್ಲಿ ಕೂತ ಜಾಗದಿಂದಲೇ ಮಾತು, ಭಾಷಾಂತರವಿಲ್ಲ.

ಎರಡೂ ಮನೆಗಳಿಗೆ ಸಮಾನ ಅಧಿಕಾರ ಎಂಬ ಮಾತನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿನ ವ್ಯವಸ್ಥೆಯ ಬೇರು ಇರುವುದು ಅಲ್ಲೇ. ನಮ್ಮ ವಿಧಾನ ಪರಿಷತ್ತು ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದೇ ಹೊರತು ಕೊಲ್ಲಲಾರದು. ದೆಹಲಿಯಲ್ಲಿ ಎರಡು ಸದನಗಳ ಜಗಳ ಜಂಟಿ ಅಧಿವೇಶನಕ್ಕೆ ಹೋದರೆ ಲೋಕಸಭೆಯ ಸಂಖ್ಯಾಬಲವೇ ಮೇಲುಗೈ. ಬರ್ನ್‌ನಲ್ಲಿ ಭಿನ್ನಮತ ಉಳಿದ ಮಸೂದೆ ಪ್ರತಿ ಮನೆಯಲ್ಲೂ ಮೂರು ಸುತ್ತು ಚರ್ಚೆಯಾಗುತ್ತದೆ. ಆಗಲೂ ಒಮ್ಮತ ಬಾರದಿದ್ದರೆ ತಲಾ 13 ಸದಸ್ಯರ ರಾಜಿ ಸಮಿತಿ ಕೂರುತ್ತದೆ. ಅದರ ಸೂತ್ರವನ್ನು ಯಾವ ಒಂದು ಮನೆ ತಳ್ಳಿಹಾಕಿದರೂ ಮಸೂದೆ ಅಲ್ಲಿಗೇ ಬಿತ್ತು. ಪಾಸಾದ ಕಾನೂನಿಗೂ ಪರೀಕ್ಷೆ ತಪ್ಪಿದ್ದಲ್ಲ: 100 ದಿನದೊಳಗೆ 50,000 ಸಹಿ ಬಿದ್ದರೆ ಜನರ ಮತಕ್ಕೆ ಹೋಗಬೇಕು.

ಅಲ್ಲೂ ಎರಡು ಮನೆ ಒಟ್ಟಿಗೆ ಕೂರುತ್ತವೆ, ಮುಖ್ಯವಾಗಿ ಸರ್ಕಾರವನ್ನು ಆರಿಸಲು. ಕೆಳಮನೆಯ ಹಿಂಗೋಡೆಗೆ ಒತ್ತಿಕೊಂಡಿರುವ ಮರದ ಆಸನಗಳನ್ನು ತಪ್ಪದೆ ನೋಡಿ. ಮೇಲ್ಮನೆಯವರು ಆಗ ಕೂರುವುದು ಅಲ್ಲಿ. ಏಳು ಸಚಿವ ಸ್ಥಾನಗಳಿಗೂ ಒಂದಾದ ಮೇಲೊಂದರಂತೆ ಗುಪ್ತ ಮತದಾನ ನಡೆಯುತ್ತದೆ. 246 ಮತಗಳೂ ಕ್ರಮಬದ್ಧವಾಗಿದ್ದರೆ ಗೆಲ್ಲಲು 124 ಬೇಕು. ಮೊದಲ ಎರಡು ಸುತ್ತಿನಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಮೂರನೆಯದರಿಂದ ಹೊಸ ಹೆಸರಿಗೆ ಅವಕಾಶವಿಲ್ಲ. ಯಾರ ಹೆಸರನ್ನಾದರೂ ಬರೆಯಬಹುದಾದ್ದರಿಂದಲೇ 2007ರಲ್ಲಿ ಸಚಿವರಾಗಿದ್ದ ಕ್ರಿಸ್ಟೋಫ್ ಬ್ಲೋಖರ್ ಸ್ಥಾನ ಕಳೆದುಕೊಂಡು, ಅವರದೇ ಪಕ್ಷದ ಎವೆಲಿನ್ ವಿಡ್ಮರ್-ಶ್ಲುಂಫ್ ಗೆದ್ದರು. ಒಮ್ಮೆ ಆಯ್ಕೆಯಾದ ಮೇಲೆ ನಾಲ್ಕು ವರ್ಷ ಅವಿಶ್ವಾಸ ಗೊತ್ತುವಳಿಯ ಭಯವಿಲ್ಲ. ಸಂಸತ್ತನ್ನು ವಿಸರ್ಜಿಸುವ ಅಧಿಕಾರವೂ ಸಚಿವರಿಗಿಲ್ಲ.

ಸುತ್ತಿನಲ್ಲಿ ನೋಡಲು ಸಿಗದಿರುವುದು ಈ ಏಳು ಸಚಿವರ ಕೆಲಸ. ಸಾಮಾನ್ಯವಾಗಿ ಬುಧವಾರ ಮುಚ್ಚಿದ ಬಾಗಿಲ ಹಿಂದೆ ಅವರ ಸಭೆ. ಖಾತೆ ಒಬ್ಬೊಬ್ಬರದು, ನಿರ್ಧಾರ ಏಳು ಜನರದು. ಒಳಗೆ ಸೋತ ಸಚಿವರೂ ಹೊರಗೆ ಬಂದು ಅದೇ ನಿರ್ಧಾರವನ್ನು ಸಮರ್ಥಿಸಬೇಕು. ಇವರಲ್ಲಿ ಅಧ್ಯಕ್ಷರಾಗುವವರು ಒಂದು ವರ್ಷ ಸಭೆ ನಡೆಸುತ್ತಾರೆ, ದೇಶವನ್ನು ಪ್ರತಿನಿಧಿಸುತ್ತಾರೆ. ಉಳಿದ ಆರು ಜನರ ಮೇಲೆ ಆಜ್ಞೆ ಮಾಡುವ ಹಕ್ಕು ಅವರಿಗಿಲ್ಲ. ಇಷ್ಟನ್ನು ಓದಿಕೊಂಡು ಹೋದರೆ ಖಾಲಿ ಸಭಾಂಗಣವೂ ಮಾತಾಡುತ್ತದೆ.

ಜರ್ಮನ್ ಅಥವಾ ಫ್ರೆಂಚ್ ಬಲ್ಲವರು ಅಧಿವೇಶನದ ವಾರವನ್ನೇ ಆರಿಸಿ ಮೇಲ್ಮನೆಯ ಗ್ಯಾಲರಿಯಲ್ಲಿ ಕೂರಲಿ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇಂಗ್ಲಿಷ್ ಸುತ್ತೇ ಸರಿ. ಅವು ಕಡಿಮೆ ಇರುವುದರಿಂದ ಮೊದಲು ಆ ದಿನ ಗೊತ್ತುಮಾಡಿಕೊಂಡು, ಆಮೇಲೆ ರೈಲಿನ ಟಿಕೆಟ್ ತೆಗೆಯಿರಿ.