ಆಸ್ಪತ್ರೆಗೆ ದೂರು ಕೊಡ್ತೀರಾ? ಸೀಲ್ ಹಾಕಿಸದೆ ಕಾಗದ ಬಿಡಬೇಡಿ

ಬರೆಯುವುದಕ್ಕೇ ನಾಚಿಕೆ ಆಗ್ತಿದೆ. ಆದರೂ ಬರೀತೇನೆ, ನನ್ನನ್ನು ಮಂಗ ಮಾಡಿದ ಹಾಗೆ ಇನ್ನೊಬ್ಬರನ್ನು ಮಾಡಬಾರದು.

ಅಮ್ಮನಿಗೆ ಕಾಲಿನ ಗಾಯ ಕೀವಾಗಿ ಜ್ವರ ಬಂತು. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಪೆನಿಸಿಲಿನ್ ಆಗುವುದಿಲ್ಲ ಅಂತ ಸೇರಿಸುವಾಗಲೇ ಹೇಳಿದ್ದೆ, ನರ್ಸ್ ನನ್ನೆದುರೇ ಬರೆದುಕೊಂಡಿದ್ದರು. ಮರುದಿನ ಬೆಳಿಗ್ಗೆ ಅದೇ ಗುಂಪಿನ ಇಂಜೆಕ್ಷನ್ ಕೊಟ್ಟರು! ಅರ್ಧ ಗಂಟೆಯಲ್ಲಿ ಮೈಯೆಲ್ಲಾ ದದ್ದು, ತುಟಿ ಬಾತು ಅಮ್ಮನಿಗೆ ಮಾತೇ ಸರಿ ಬರುತ್ತಿರಲಿಲ್ಲ. ದೇವರ ದಯೆ, ಕಡಿಮೆ ಆಯ್ತು. ಅದಕ್ಕಾಗಿ ಎರಡು ದಿನ ಜಾಸ್ತಿ ಇಟ್ಟುಕೊಂಡರು, ಆ ಎರಡು ದಿನದ 11,600 ರೂಪಾಯಿಯೂ ನಮ್ಮ ಬಿಲ್ಲಿಗೇ ಬಂತು. ತಪ್ಪು ಅವರದ್ದು, ದುಡ್ಡು ನಮ್ಮದು. ಎಂಥಾ ಲೆಕ್ಕ ಮಾರಾಯ್ರೆ!

ನಾನು ಎರಡು ಪುಟ ದೂರು ಬರೆದು ಅಲ್ಲಿನ ಪಿಆರ್‌ಒ (ಸಾರ್ವಜನಿಕ ಸಂಪರ್ಕ ಅಧಿಕಾರಿ) ಕೈಗೆ ಕೊಟ್ಟೆ. ಬಹಳ ಮರ್ಯಾದೆಯ ಮನುಷ್ಯ, ಚಾ ತರಿಸಿದ, ಕಾಗದವನ್ನು ನೀಲಿ ಫೈಲಿಗೆ ಹಾಕಿದ. ಸೀಲ್ ಹಾಕಿದ ಒಂದು ಕಾಪಿ ಕೊಡಿ ಅಂದೆ. "ಇದು ನಮ್ಮೊಳಗಿನ ವಿಷಯ ಸರ್, ಸೀಲೆಲ್ಲ ಯಾಕೆ? ಒಂದು ವಾರದಲ್ಲಿ ನಾನೇ ಫೋನ್ ಮಾಡ್ತೇನೆ." ನಾನು ಒಪ್ಪಿದೆ. ಫೋಟೋ ಕೂಡ ತೆಗೆದುಕೊಳ್ಳಲಿಲ್ಲ. ನಾನು ಸೊಸೈಟಿಯಲ್ಲಿ ಕೆಲಸ ಮಾಡುವವ, ಇಪ್ಪತ್ತು ವರ್ಷದಿಂದ ಬಂದವರ ಪ್ರತಿಯೊಂದು ಚೀಟಿಗೂ ಸೀಲ್ ಕುಟ್ಟುವವ!

ಫೋನ್ ಬರಲಿಲ್ಲ. ಸುರತ್ಕಲ್‌ನಿಂದ ಮಳೆಯಲ್ಲಿ ಮೂರು ಸಲ ಬಸ್ಸು ಹತ್ತಿ ಹೋದೆ. ಒಂದು ಸಲ "ಡಾಕ್ಟರ್ ರಜೆಯಲ್ಲಿದ್ದಾರೆ". ಇನ್ನೊಂದು ಸಲ "ಮೀಟಿಂಗ್ ನಡೀತಾ ಉಂಟು". ಮೂರನೇ ಸಲ ಅದೇ ಮನುಷ್ಯ, ಅದೇ ನಗು: "ಯಾವ ದೂರು ಸರ್? ನಮ್ಮಲ್ಲಿ ಎಂತದ್ದೂ ಇಲ್ವಲ್ಲ." ಆಮೇಲೆ ಡ್ರಾವರಿನಿಂದ ಒಂದು ಹಾಳೆ ತೆಗೆದ. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಐದಾರು ಕಾಗದಕ್ಕೆ ಸಹಿ ಹಾಕಿಸಿದ್ದರಲ್ಲ, ಅದರಲ್ಲಿ ಒಂದು. 'ಚಿಕಿತ್ಸೆ ತೃಪ್ತಿಕರ' ಅಂತ ಟಿಕ್, ಕೆಳಗೆ ನನ್ನದೇ ಸಹಿ. ಟಿಕ್ ನನ್ನದಲ್ಲ. ಆದರೆ ಸಹಿ ನನ್ನದೇ ಅಲ್ವಾ? "ನೀವೇ ಬರೆದು ಕೊಟ್ಟದ್ದು ಸರ್" ಅಂದ. ಪಕ್ಕದಲ್ಲಿ ನಿಂತಿದ್ದವರೆಲ್ಲ ನೋಡ್ತಿದ್ದರು. ಬಾಯಿ ಕಟ್ಟಿಹೋಯಿತು.

ಆಮೇಲೆ ಗೊತ್ತಾದದ್ದು ಹೇಳ್ತೇನೆ. ಮೊದಲು ರೋಗಿಯ ದಾಖಲೆ ಬೇಕು ಅಂತ ಲಿಖಿತವಾಗಿ ಕೇಳಿ, ಸ್ಪೀಡ್ ಪೋಸ್ಟ್ ಮಾಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಡಾಕ್ಟರುಗಳ 2002ರ ನಿಯಮವೇ ಉಂಟು. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಜಿಲ್ಲೆಯಲ್ಲೇ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಅಂತ ಇದೆ, ಡಿಸಿ ಅಧ್ಯಕ್ಷರು, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಾರ್ಯದರ್ಶಿ. ಡಾಕ್ಟರ ನಡತೆಯ ಬಗ್ಗೆ ಆದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ದುಡ್ಡು ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಬಿಲ್ಲು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಎಲ್ಲಿಗೆ ಕೊಟ್ಟರೂ ಸೀಲ್ ಹಾಕಿಸಿಕೊಳ್ಳಿ, ಸೀಲ್! ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಬೇಡಿ, ಹಿಂದೆ ಕ್ಯೂ ಇದ್ದರೆ ಇರಲಿ.

ನಾನು ಪೋಸ್ಟಿನಲ್ಲಿ ಕೇಳಿದ ಮೇಲೆ ಫೈಲಿನ ಜೆರಾಕ್ಸ್ ಬಂತು. ಮೊದಲ ಹಾಳೆಯಲ್ಲೇ ಅಲರ್ಜಿ ಅನ್ನುವ ಜಾಗದಲ್ಲಿ 'ಪೆನಿಸಿಲಿನ್' ಅಂತ ಉಂಟು, ಅಡಿಗೆ ಎರಡು ಗೆರೆ ಬೇರೆ. ಅದನ್ನು ಸೇರಿಸಿ ಡಿಎಚ್‌ಒ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ನಾಲ್ಕನೇ ದಿನಕ್ಕೆ ಪಿಆರ್‌ಒ ಫೋನ್ ಮಾಡಿದ.

"ಎಂತ ಸರ್, ನಮ್ಮ ಹತ್ತಿರವೇ ಒಂದು ಮಾತು ಹೇಳಬಹುದಿತ್ತಲ್ಲ?"